ಅಡುಗೆಯ ಸ್ಪರ್ಧೆ, ಆಹಾರದ ವ್ರತ ಮತ್ತು ದಾಸೋಹದ ಪಂಕ್ತಿ



ಈ ವರ್ಷದ ಶ್ರಾವಣ ಮಾಸದ ಪ್ರವಚನ ಆರಂಭವಾದ ಎರಡನೆಯ ವಾರದಲ್ಲಿ ಶ್ರೀಮಠದ ಭಕ್ತರ ವಾಟ್ಸಾಪ್ ಬಳಗಕ್ಕೆ ಹಳೆಯ ದೂರದರ್ಶನ ಕಾರ್ಯಕ್ರಮವೊಂದರ ತುಣುಕು ಬಂದಿತು. ಅದು 2023ರ ಜನವರಿಯಿಂದ ಮಾರ್ಚ್‌ವರೆಗೆ ಸೋನಿ ವಾಹಿನಿಯಲ್ಲಿ ಪ್ರಸಾರವಾದ ‘ಮಾಸ್ಟರ್‌ಶೆಫ್ ಇಂಡಿಯಾ’ ಅಡುಗೆ ಸ್ಪರ್ಧೆಯ ಏಳನೆಯ ಆವೃತ್ತಿಗೆ ಸೇರಿದ್ದು. ಆ ಸ್ಪರ್ಧೆಯಲ್ಲಿ ಜೈನ ಧರ್ಮವನ್ನು ಪಾಲಿಸುವ ಮಹಿಳೆಯೊಬ್ಬರಿದ್ದರು. ಅವರು ಮಾಂಸ, ಮೀನುಗಳನ್ನು ಮುಟ್ಟದೆ ಅಡುಗೆ ಮಾಡುತ್ತಿದ್ದರು. ಮೀನಿನ ಅಡುಗೆಯ ಸುತ್ತಿನಲ್ಲಿ ಅವರಿಗೆ ಮೀನಿನ ಬದಲು ಪನೀರ್ ಬಳಸುವ ಅವಕಾಶ ದೊರೆಯಿತು. ಇದು ಪಕ್ಷಪಾತವೆಂದು ಅನೇಕ ವೀಕ್ಷಕರು ಆಕ್ಷೇಪಿಸಿದರು. ಒಬ್ಬರ ಧರ್ಮಾಚರಣೆಗೆ ಗೌರವ ಕೊಟ್ಟದ್ದು ಸರಿಯೆಂದು ಮತ್ತೆ ಕೆಲವರು ಸಮರ್ಥಿಸಿದರು. ಕೊನೆಗೆ ಅಸ್ಸಾಮಿನ ನಯನಜ್ಯೋತಿ ಸೈಕಿಯಾ ಎಂಬ ಯುವಕರು ವಿಜೇತರಾದರು, ಸ್ಪರ್ಧೆ ಮುಗಿಯಿತು. ಆದರೆ ವಾದ ಮುಗಿಯಲಿಲ್ಲ.

ನಮ್ಮ ಬಳಗದಲ್ಲಿಯೂ ಅದೇ ವಾದ ನಡೆಯಿತು. ಹೆಚ್ಚಿನವರು ಆ ಸ್ಪರ್ಧಿಯ ನಿಷ್ಠೆಯನ್ನು ಕೊಂಡಾಡಿದರು, ಅದು ಸಹಜವೇ. ಆದರೆ ಒಬ್ಬರು, ಮೀನು ಮುಟ್ಟಿದ ಕೈಯಿಂದ ಮಾಡಿದ ಅಡುಗೆ ಎಷ್ಟೇ ರುಚಿಯಾಗಿದ್ದರೂ ಅದು ಅನ್ನವಲ್ಲ ಎಂಬರ್ಥದ ಮಾತನ್ನು ಬರೆದರು. ಆ ಮಾತಿಗೆ ಹಲವರು ಕೈಮುಗಿದ ಚಿತ್ರ ಹಾಕಿದರು. ಕಾರ್ಯದರ್ಶಿಯಾದ ನಾವು ಅದನ್ನು ಓದಿಯೂ ಸುಮ್ಮನಾದೆವು.

ಮುಂದಿನ ಸೋಮವಾರ ದಾಸೋಹದ ಅಡುಗೆ ಮನೆಯಲ್ಲಿ ಒಬ್ಬ ಸೇವಕರು ಕಾಣಲಿಲ್ಲ. ನದಿಯ ದಂಡೆಯ ಅಂಬಿಗರ ಮನೆತನದವರು. ಹನ್ನೆರಡು ವರ್ಷಗಳಿಂದ ಪ್ರತಿ ಶ್ರಾವಣದಲ್ಲಿಯೂ ನಸುಕಿನಲ್ಲಿಯೇ ಬಂದು ಬದನೆಕಾಯಿ ಹೆಚ್ಚುವವರು, ಹುಗ್ಗಿಯ ಕಡಾಯಿಗೆ ಕೈಹಚ್ಚುವವರು. ಅವರ ಮನೆಯಲ್ಲಿ ಮೀನು ಊಟದ ಭಾಗ. ಶ್ರಾವಣ ಒಂದು ತಿಂಗಳು ಮಾತ್ರ ಬಿಡುತ್ತಾರೆ. ಎರಡನೆಯ ಸೋಮವಾರವೂ ಬರಲಿಲ್ಲ. ಅವರೂ ಆ ಬಳಗದ ಸದಸ್ಯರು ಎಂಬುದು ಆಗ ನಮಗೆ ನೆನಪಾಯಿತು.

ಈ ಲೇಖನಕ್ಕೆ ಇದೇ ಕಾರಣ. ಸಸ್ಯಾಹಾರದ ವಿಚಾರದಲ್ಲಿ ಭಕ್ತರು ಶ್ರೀಮಠವನ್ನು ಕೇಳಿದ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ಇಲ್ಲಿ ವಿವೇಚಿಸಲು ಬಯಸುತ್ತೇವೆ.

ವಿನಾಯಿತಿ ಕೊಟ್ಟದ್ದು ನ್ಯಾಯವೇ?

ಆಕ್ಷೇಪಿಸಿದ ವೀಕ್ಷಕರೆಲ್ಲರೂ ಸಸ್ಯಾಹಾರದ ದ್ವೇಷಿಗಳೆಂದು ತಿಳಿಯುವುದು ತಪ್ಪು. ಅವರ ಮಾತಿನಲ್ಲಿ ಒಂದು ತೂಕವಿದೆ. ಮೀನಿನ ಹುರುಪೆ ತೆಗೆಯಬೇಕು, ಮುಳ್ಳು ಬಿಡಿಸಬೇಕು, ಬೇಯಿಸುವಾಗ ಕ್ಷಣ ತಪ್ಪಿದರೆ ಅದು ಒಣಗಿ ಹೋಗುತ್ತದೆ ಅಥವಾ ಒಡೆದು ಹೋಗುತ್ತದೆ. ಆ ಕೈಚಳಕವನ್ನೇ ಪರೀಕ್ಷಿಸುವ ಸುತ್ತಿನಲ್ಲಿ ಪನೀರ್ ಕೊಟ್ಟರೆ ಪರೀಕ್ಷೆ ಒಂದೇ ಆಗಿ ಉಳಿಯುವುದಿಲ್ಲ. ಇನ್ನೊಂದು ಕಡೆ, ಮೀನು ಮಾಂಸಗಳ ರುಚಿಯ ಆಸರೆಯಿಲ್ಲದೆ ಪ್ರತಿ ಸುತ್ತನ್ನೂ ಎದುರಿಸುವುದು ಸಣ್ಣ ಭಾರವಲ್ಲ. ಆ ಭಾರವನ್ನು ಬೇರೆ ಯಾರೂ ಹೊತ್ತಿರಲಿಲ್ಲ. ಎರಡೂ ನಿಜ.

ಇದೇ ಸ್ಪರ್ಧೆಯ ನಾಲ್ಕನೆಯ ಆವೃತ್ತಿ 2015ರಲ್ಲಿ ಸಂಪೂರ್ಣ ಸಸ್ಯಾಹಾರಿಯಾಗಿ ನಡೆದದ್ದು ಹಲವರಿಗೆ ನೆನಪಿರಬಹುದು. ಆಗ ವಾದ ತಿರುಗುಮುರುಗಾಗಿತ್ತು: ದೇಶದ ಬಹುಪಾಲು ಜನರು ತಿನ್ನುವುದನ್ನು ಹೊರಗಿಟ್ಟು ಅಡುಗೆಯ ಶ್ರೇಷ್ಠತೆಯನ್ನು ಅಳೆಯುವುದು ಹೇಗೆ ಎಂದು ಹಲವರು ಕೇಳಿದರು. 2021ರಲ್ಲಿ ಪ್ರಕಟವಾದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ತಾವು ಸಸ್ಯಾಹಾರಿಗಳೆಂದು ಹೇಳಿಕೊಂಡವರು ಶೇಕಡಾ 39. ಜೈನರಲ್ಲಿ ಮಾತ್ರ ಅದು ಶೇಕಡಾ 92. ನಾವು ಬಹುಸಂಖ್ಯಾತರೆಂಬ ಭ್ರಮೆಯೂ ಬೇಡ, ಮೂಲೆಗುಂಪಾದವರೆಂಬ ಕೊರಗೂ ಬೇಡ. ಆದರೂ 2015ರ ಆವೃತ್ತಿಯಲ್ಲಿ ಒಂದು ಗುಣವಿತ್ತು: ನಿಯಮ ಎಲ್ಲರಿಗೂ ಒಂದೇ ಆಗಿತ್ತು.

ಸ್ಪರ್ಧೆಯ ನಿಯಮ ಏನಿರಬೇಕೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ವ್ರತಸ್ಥರಿಗೆ ಮಾತ್ರ ಒಂದು ಮಾತು ಹೇಳಬಹುದು. ವ್ರತಕ್ಕೆ ಬೆಲೆಯಿದೆ, ಆ ಬೆಲೆಯನ್ನು ವ್ರತ ಹಿಡಿದವರೇ ತೆರಬೇಕು. ಮುಂಚಿತವಾಗಿ ತಿಳಿಸಿ, ಅವಕಾಶ ಕೇಳುವುದು ತಪ್ಪಲ್ಲ. ಕೊಟ್ಟರೆ ಕೃತಜ್ಞತೆಯಿಂದ ಸ್ವೀಕರಿಸೋಣ. ಕೊಡದಿದ್ದರೆ ಒಂದು ಬಹುಮಾನವನ್ನು ಕಳೆದುಕೊಳ್ಳೋಣ. ಬಹುಮಾನವನ್ನು ಬಿಡಲಾಗದವರು ಹಿಡಿದಿರುವುದು ವ್ರತವಲ್ಲ, ಕೇವಲ ರೂಢಿ.

ಸಸ್ಯಾಹಾರದ ಅಡುಗೆ ಕಡಿಮೆ ದರ್ಜೆಯದೇ?

ಸೊಪ್ಪು, ಕಾಳುಗಳಲ್ಲಿ ತೋರಿಸಲು ಏನು ಕೌಶಲವಿದೆ ಎಂದು ಕೇಳುವ ವೀಕ್ಷಕರೂ ಇದ್ದರು. ಈ ಪ್ರಶ್ನೆಗೆ ಕನ್ನಡ ನಾಡು ಐದು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಜೈನ ಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ ಎಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿ ರಚಿಸಿದ. ಅದು ಪೂರ್ಣವಾಗಿ ಸಸ್ಯಾಹಾರದ ಗ್ರಂಥ. ಬದನೆಕಾಯಿಯೊಂದರಿಂದಲೇ ಎಷ್ಟು ಬಗೆಯ ಪದಾರ್ಥಗಳಾಗುತ್ತವೆ ಎಂಬುದನ್ನು ಅಲ್ಲಿ ನೋಡಬೇಕು. ಅದಕ್ಕೂ ಮೊದಲು, ಹನ್ನೊಂದನೆಯ ಶತಮಾನದಲ್ಲಿ, ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಪ್ರತ್ಯೇಕ ಅಧ್ಯಾಯವಿದೆ. ಅಡುಗೆಯನ್ನು ವಿದ್ಯೆಯೆಂದು ಬಗೆದ ಪರಂಪರೆ ನಮ್ಮದು.

ಮಾಂಸದ ಅಡುಗೆಗೆ ಒಂದು ಅನುಕೂಲವಿದೆ ಎಂಬುದನ್ನು ಒಪ್ಪಬೇಕು. ಕಾವಿಗೆ ಇಟ್ಟರೆ ಅದು ತಾನೇ ಕಂದಾಗಿ, ತಾನೇ ಗಾಢ ರುಚಿ ಬಿಡುತ್ತದೆ. ಸಸ್ಯಾಹಾರದ ಅಡುಗೆಯವರು ಆ ಗಾಢತೆಯನ್ನು ಕಟ್ಟಿಕೊಳ್ಳಬೇಕು. ನಮ್ಮ ಎಣ್ಣೆಗಾಯಿಯನ್ನೇ ನೋಡಿರಿ. ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಬೆಳ್ಳುಳ್ಳಿ ಇವೆಲ್ಲ ಸೇರಿ ಎಳೆಯ ಬದನೆಕಾಯಿಯೊಳಗೆ ಕುಳಿತು, ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ಬರುವವರೆಗೆ ಬೇಯಬೇಕು. ಶೇಂಗಾ ಹುರಿಯುವಾಗ, ಜೋಳದ ರೊಟ್ಟಿಯ ಮೇಲೆ ಕಂದು ಚುಕ್ಕೆ ಮೂಡುವಾಗ ಆಗುವ ಬದಲಾವಣೆಯೂ, ಮಾಂಸ ಕೆಂಪಗೆ ಹುರಿಯುವಾಗ ಆಗುವ ಬದಲಾವಣೆಯೂ ಒಂದೇ ಜಾತಿಯವು. ‘ಮಾಂಸದ ರುಚಿ’ ಎಂದು ಜನ ಕರೆಯುವ ಉಮಾಮಿ ರುಚಿಯನ್ನು 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ ಮೊದಲು ಬೇರ್ಪಡಿಸಿ ತೋರಿಸಿದ್ದು ಮಾಂಸದಿಂದಲ್ಲ, ಕಡಲ ಪಾಚಿಯಿಂದ.

ಸಸ್ಯಾಹಾರವೂ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದೆ ನಮ್ಮ ಝುಣಕವೂ ಇಲ್ಲ, ರೊಟ್ಟಿಯ ಊಟವೂ ಇಲ್ಲ. ನಿಷ್ಠಾವಂತ ಜೈನರು ಈ ಗಡ್ಡೆಗಳನ್ನು ಮುಟ್ಟುವುದಿಲ್ಲ. ಸೂರ್ಯಾಸ್ತದ ನಂತರ ಉಣ್ಣುವುದೂ ಇಲ್ಲ. ಅವರ ಲೆಕ್ಕದಲ್ಲಿ ನಮ್ಮ ದಾಸೋಹದ ಊಟವೂ ವರ್ಜ್ಯವೇ. ಹಾಗೆಂದು ಅವರು ನಮ್ಮನ್ನು ಹಳಿದರೆ ನಮಗೆ ಹೇಗಾದೀತು? ಬಳಗದಲ್ಲಿ ಆ ಮಾತನ್ನು ಬರೆದ ಭಕ್ತರಿಗೂ, ಸುಮ್ಮನಿದ್ದ ನಮಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಸಸ್ಯಾಹಾರಿ ಮೇಲು, ಮಾಂಸಾಹಾರಿ ಕೀಳೇ?

ಮೂರನೆಯ ಪ್ರಶ್ನೆಯೇ ಮುಖ್ಯವಾದುದು. ಇದಕ್ಕೆ ಕಲ್ಯಾಣಕ್ಕೆ ಹೋಗಿ ಬರಬೇಕು.

ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಅದರ ಅನ್ನಭೋಗ ಪ್ರಕರಣದಲ್ಲಿ ಅನ್ನ, ಪಾಯಸ, ವಡೆಗಳ ಜೊತೆಗೆ ಮೀನು, ಮಾಂಸಗಳ ಬಗೆಬಗೆಯ ಅಡುಗೆಯೂ ಇದೆ. ಅರಸನ ಭೋಗಕ್ಕೆ ಮಾಡಿದ ಅಡುಗೆ ಅದು. ಕೆಲವೇ ದಶಕಗಳ ಅನಂತರ ಅದೇ ಕಲ್ಯಾಣದಲ್ಲಿ ಬಸವಾದಿ ಶರಣರ ಮಹಾಮನೆಯ ಒಲೆ ಉರಿಯಿತು. ಈ ಒಲೆಯ ಅಡುಗೆ ಭೋಗಕ್ಕಲ್ಲ, ದಾಸೋಹಕ್ಕೆ. ಅಲ್ಲಿ ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಯಿತು. ಜೀವದಯೆಯನ್ನು ಧರ್ಮದ ಬೇರಿನಲ್ಲಿ ಇಟ್ಟ ಬಸವಣ್ಣನವರ ಮಾರ್ಗದಲ್ಲಿ, ಲಿಂಗವನ್ನು ಧರಿಸಿದವರು ಕೊಂದು ತಿನ್ನುವುದನ್ನು ಬಿಟ್ಟರು. ನಮ್ಮ ಸಸ್ಯಾಹಾರದ ಮೂಲ ಅಲ್ಲಿದೆ.

ಆ ಪಂಕ್ತಿಯಲ್ಲಿ ಕುಳಿತವರು ಯಾರು? ಸಮಗಾರ ಹರಳಯ್ಯನವರು, ಡೋಹಾರ ಕಕ್ಕಯ್ಯನವರು, ದೋಣಿ ನಡೆಸುವ ಅಂಬಿಗರ ಚೌಡಯ್ಯನವರು. ತೊಗಲನ್ನು ಮುಟ್ಟುವ ಕೈಯನ್ನು, ಹುಟ್ಟು ಹಾಕುವ ಕೈಯನ್ನು ಶರಣರು ಮೈಲಿಗೆಯೆಂದು ಎಣಿಸಲಿಲ್ಲ. ಊಟದ ಬೇಲಿಯೇ ಜಾತಿಯ ಬೇಲಿ ಎಂಬುದನ್ನು ಅರಿತೇ ಅವರು ಸಹಪಂಕ್ತಿಯನ್ನು ಕಟ್ಟಿದರು. ಆದಕಾರಣ ಆಹಾರದ ವ್ರತವನ್ನು ಹಿಡಿದುಕೊಂಡು ಮತ್ತೆ ಅದೇ ಬೇಲಿಯನ್ನು ಕಟ್ಟಿದರೆ, ನಾವು ಬಸವಣ್ಣನವರ ಅನ್ನವನ್ನು ಉಂಡು ಅವರು ಬಿಟ್ಟುಬಂದ ಮನೆಯ ಬಾಗಿಲನ್ನು ಕಾಯುವವರಾಗುತ್ತೇವೆ.

ದಯೆಯಿಂದ ಹುಟ್ಟಿದ ವ್ರತ ಕೋಳಿಯ ಮೇಲೆ ಕನಿಕರ ತೋರಿ ನೆರೆಯವನನ್ನು ನೋಯಿಸಿದರೆ ಅದರಲ್ಲಿ ದಯೆ ಎಲ್ಲಿ ಉಳಿಯಿತು? ಆಹಾರದ ಪೊಟ್ಟಣದ ಮೇಲೆ ಹಸಿರು ಚುಕ್ಕೆ, ಕಂದು ಗುರುತು ಇರುವುದು ಒಳಗಿನ ಪದಾರ್ಥವನ್ನು ತಿಳಿಸುವುದಕ್ಕೆ. ಮನುಷ್ಯರ ಮೇಲೆ ಅಂಥ ಗುರುತನ್ನು ಅಂಟಿಸುವ ಅಧಿಕಾರ ಯಾರಿಗೂ ಇಲ್ಲ.

ಉತ್ತರ ಕರ್ನಾಟಕದ ಊರುಗಳಲ್ಲಿ ‘ಲಿಂಗಾಯತ ಖಾನಾವಳಿ’ ಎಂಬ ಫಲಕವನ್ನು ನೀವೆಲ್ಲರೂ ಕಂಡಿದ್ದೀರಿ. ಇಲ್ಲಿ ದೊರೆಯುವುದು ಸಸ್ಯಾಹಾರ ಎಂದು ಆ ಫಲಕ ಹೇಳುತ್ತದೆ. ರೊಟ್ಟಿ, ಪಲ್ಯ, ಹಿಂಡಿ, ಮೊಸರಿಗಾಗಿ ಒಳಗೆ ಬರುವವರಲ್ಲಿ ಎಲ್ಲ ಬಗೆಯ ಆಹಾರದವರೂ ಇರುತ್ತಾರೆ. ನಮ್ಮ ಅಡುಗೆಯನ್ನು ನಾಡಿಗೆ ಪರಿಚಯಿಸಿದ್ದು ಆ ಬಿಸಿ ರೊಟ್ಟಿಯೇ ಹೊರತು ಯಾರ ಉಪದೇಶವೂ ಅಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳವರು ಬೆಳೆಸಿದ ದಾಸೋಹದಲ್ಲಿ ಇಂದಿಗೂ ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳು ನಿತ್ಯ ಉಣ್ಣುತ್ತಾರೆ. ನಿನ್ನ ಮನೆಯಲ್ಲಿ ಏನು ಬೇಯುತ್ತದೆ ಎಂದು ಅಲ್ಲಿ ಯಾವ ಮಗುವನ್ನೂ ಕೇಳುವುದಿಲ್ಲ.

ನಮ್ಮ ಮಕ್ಕಳಿಗೆ

ಪ್ರವಚನದ ನಂತರ ಭಕ್ತರೊಬ್ಬರ ಮಗಳು ಪೂಜ್ಯರ ಬಳಿ ಬಂದು ತನ್ನ ಸಂಕಟವನ್ನು ಹೇಳಿಕೊಂಡಳು. ಆಕೆಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಯುವ ಆಸೆ. ಲಿಂಗದೀಕ್ಷೆಯಾಗಿದೆ, ಮಾಂಸದ ಅಡುಗೆ ಮಾಡಲಾರಳು. ತಂದೆತಾಯಿಗಳು ಆ ವಿದ್ಯೆಯೇ ಬೇಡವೆನ್ನುತ್ತಾರೆ. ಪೂಜ್ಯರು ಅವಳಿಗೆ ಹೇಳಿದ್ದು ಇಷ್ಟು: ‘ಅಡುಗೆಯೂ ಕಾಯಕ, ತಂಗಿ. ಬಿಡಬೇಡ. ಆದರೆ ಸೇರುವ ಮೊದಲೇ ನಿನ್ನ ನೇಮವನ್ನು ಬಾಯಿಬಿಟ್ಟು ಹೇಳು. ಪಕ್ಕದ ಒಲೆಯಲ್ಲಿ ಮತ್ತೊಬ್ಬರು ಮತ್ತೊಂದನ್ನು ಬೇಯಿಸಿದರೆ ಮೂಗು ಮುಚ್ಚಬೇಡ.’

ಪಾಲಕರ ತಿಳಿವಳಿಕೆಗಾಗಿ ಒಂದು ಸಂಗತಿ: ಅಹಮದಾಬಾದ್, ಭೋಪಾಲ್, ಜೈಪುರಗಳ ಸರಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳು ಸಸ್ಯಾಹಾರದ ಪಾಕವನ್ನೇ ಆಯ್ದುಕೊಳ್ಳುವ ಅವಕಾಶವನ್ನು ತೆರೆಯಲಾಗಿದೆ. ಪ್ರವೇಶಕ್ಕೆ ಮೊದಲು ಆಯಾ ಸಂಸ್ಥೆಯಲ್ಲಿಯೇ ವಿಚಾರಿಸಿಕೊಳ್ಳಬೇಕು. ಬಾಗಿಲು ಇರುವಾಗ ಮಕ್ಕಳಿಗೆ ಗೋಡೆಯನ್ನು ಮಾತ್ರ ತೋರಿಸುವುದು ಸರಿಯಲ್ಲ.

ಕೊನೆಯ ಮಾತು

ಎರಡನೆಯ ಸೋಮವಾರ ಸಂಜೆ ನಾವು ಆ ಸೇವಕರ ಮನೆಗೆ ಹೋದೆವು. ಆ ಮಾತನ್ನು ಬರೆದ ಭಕ್ತರೂ, ಹೇಳದೆಯೇ, ಜೊತೆಗೆ ಬಂದರು. ಕ್ಷಮೆ ಕೇಳಿದೆವು. ಅವರು ಬಹಳ ಹೊತ್ತು ಏನೂ ಆಡಲಿಲ್ಲ. ಆಮೇಲೆ, ‘ಹನ್ನೆರಡು ವರ್ಷ ನಾನು ಹೆಚ್ಚಿದ ಬದನಿಕಾಯಿ ಉಂಡೀರಿ, ಅವಾಗ ಯಾರಿಗೂ ನನ್ನ ಕೈ ಕಾಣಲಿಲ್ಲೇನ್ರಿ ಸರ?’ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಮನೆಯವರು ಚಹಾ ಕೊಟ್ಟರು, ಕುಡಿದು ಬಂದೆವು. ಶ್ರಾವಣದ ಕೊನೆಯ ಸೋಮವಾರ ನಸುಕಿನಲ್ಲಿ ಅವರು ಬಂದು, ಎಂದಿನ ಮೂಲೆಯಲ್ಲಿ ಈಳಿಗೆ ಮಣೆಯ ಮುಂದೆ ಕುಳಿತಿದ್ದರು.

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ನಮ್ಮ ಆಹಾರದ ನೇಮವನ್ನು ಬಿಗಿಯಾಗಿ ಹಿಡಿಯೋಣ. ಮಕ್ಕಳಿಗೆ ಅದರ ಕಾರಣವನ್ನು ತಿಳಿಸಿ ಹೇಳೋಣ. ಅದನ್ನು ಇನ್ನೊಬ್ಬರ ಮೇಲೆ ಎತ್ತುವ ಕೋಲಾಗಿ ಮಾಡದಿರೋಣ. ದೂರದರ್ಶನದ ಸ್ಪರ್ಧೆಯಲ್ಲಿ ತೀರ್ಪುಗಾರರು ಒಂದು ಚಮಚ ರುಚಿ ನೋಡಿ ಅಂಕ ಕೊಡುತ್ತಾರೆ. ದಾಸೋಹದಲ್ಲಿ ತೀರ್ಪುಗಾರರಿಲ್ಲ, ಉಂಡವರು ತಟ್ಟೆ ತೊಳೆದು ನೀರು ಕುಡಿದು ಏಳುತ್ತಾರೆ.

ಇನ್ನು ಮುಂದೆ ಶ್ರೀಮಠದ ವಾಟ್ಸಾಪ್ ಬಳಗದಲ್ಲಿ ಯಾರ ಆಹಾರವನ್ನೂ ಜಾತಿಯನ್ನೂ ಹಳಿಯುವ ಬರಹವನ್ನು ಕೂಡಲೇ ತೆಗೆಯಲಾಗುವುದು. ಅದರ ಹೊಣೆ ನಮ್ಮದು. ಪ್ರತಿ ಸೋಮವಾರದ ದಾಸೋಹಕ್ಕೆ ಸರ್ವರಿಗೂ ಎಂದಿನಂತೆ ಸ್ವಾಗತವಿದೆ.