ಡೊಂಬಿವಲಿಯ ‘ಭಂಗಾರ್’ ನಮ್ಮ ಬಂಗಾರ ಅಲ್ಲ

ಇವತ್ತಿನ ಮಾತು ಮನೆ ಕಸದ ಬಗ್ಗೆ. ಡೊಂಬಿವಲಿ, ಕಲ್ಯಾಣ ಕಡೆ ಹೊಸದಾಗಿ ಬಾಡಿಗೆಗೆ ಬಂದಿರೋ ನಮ್ಮವರಿಗೆ ಇದು ಹೆಚ್ಚು ಉಪಯೋಗ ಆಗಬಹುದು.

ನಾನು ಬೆಂಗಳೂರಿಂದ ಇಲ್ಲಿಗೆ ಬಂದ ಮೊದಲ ವಾರ, ಭಾನುವಾರ ಬೆಳಿಗ್ಗೆ ಕೆಳಗಿಂದ “ಭಂಗಾರ್‌ವಾಲಾ…” ಅಂತ ಕೂಗು ಕೇಳಿಸ್ತು. ಕೈಗಾಡಿಯಲ್ಲಿ ಬಂಗಾರ ಮಾರ್ತಾರಾ ಅಂತ ಬಾಲ್ಕನಿಗೆ ಓಡಿದೆ. ಮರಾಠಿಯಲ್ಲಿ ಭಂಗಾರ್ ಅಂದ್ರೆ ನಮ್ಮ ಗುಜರಿ. ಅದೇ ವಾರ ಘಂಟಾಗಾಡಿಯವರು, ಅಂದ್ರೆ ಕಸದ ಗಾಡಿಯವರು, ನನ್ನ ಚೀಲ ನೋಡಿ ವಾಪಸ್ ಕೊಟ್ರು. ಅನ್ನದ ಜೊತೆ ಹಾಲಿನ ಕವರ್ ಇತ್ತು. “ಓಲಾ ವೇಗಳಾ, ಸುಕಾ ವೇಗಳಾ” ಅಂದ್ರು. ಹಸಿ ಬೇರೆ, ಒಣ ಬೇರೆ. ಬೆಂಗಳೂರಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ದ ಪಾಠ ಕಲಿತು ಬಂದವನು ನಾನು. ನಾಚಿಕೆ ಆಯ್ತು.

ಈ ಕಟ್ಟುನಿಟ್ಟಿಗೆ ಕಾರಣ ಇದೆ. ಕಲ್ಯಾಣ-ಡೊಂಬಿವಲಿ ಪಾಲಿಕೆಯ ಕಸ ವರ್ಷಾನುಗಟ್ಟಲೆ ಕಲ್ಯಾಣದ ಆಧಾರವಾಡಿಯಲ್ಲಿ ಗುಡ್ಡದ ಹಾಗೆ ಬೀಳ್ತಿತ್ತು. ಬೇಸಿಗೆ ಬಂತು ಅಂದ್ರೆ ಬೆಂಕಿ, ಸುತ್ತಲಿನ ಮನೆಗಳಿಗೆಲ್ಲ ಹೊಗೆ. 2015ರಲ್ಲಿ ಬಾಂಬೆ ಹೈಕೋರ್ಟ್, ಕಸದ ವ್ಯವಸ್ಥೆ ಸರಿ ಇಲ್ಲ ಅಂತ ಇಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ಕೊಡೋದನ್ನೇ ತಡೆದಿತ್ತು. 2020ರಲ್ಲಿ ಪಾಲಿಕೆ ಕಸ ಬೇರ್ಪಡಿಸೋದನ್ನ ಕಡ್ಡಾಯ ಮಾಡ್ತು, 2021ರಲ್ಲಿ ಆಧಾರವಾಡಿಗೆ ಕಸ ಸುರಿಯೋದು ನಿಂತ್ತು. ಹಸಿ ಕಸಕ್ಕೆ ಉಂಬರ್ಡೆ, ಆಯ್ರೆ ಕಡೆ ಬಯೋಗ್ಯಾಸ್ ಘಟಕ ಕಟ್ಟಿದ್ದಾರೆ. ಅಲ್ಲಿ ಕೆಲಸ ಮಾಡೋದು ಬ್ಯಾಕ್ಟೀರಿಯಾ. ಅವು ಅನ್ನ ತಿಂತವೆ, ಹಾಲಿನ ಕವರ್ ತಿನ್ನಲ್ಲ. ಕವರ್ ಒಳಗೆ ಹೋದ್ರೆ ಅರೆಯೋ ಯಂತ್ರಕ್ಕೇ ಸುತ್ತಿಕೊಳ್ಳುತ್ತೆ. ನನ್ನ ಚೀಲ ವಾಪಸ್ ಬಂದಿದ್ದು ಸರಿಯೇ.

ಆಮೇಲೆ ನಾನು ಆ್ಯಪ್ ಹುಡುಕಿದೆ, ಮ್ಯಾಪ್ ಹುಡುಕಿದೆ. ನಮ್ಮ ಜಾತಿ ಬುದ್ಧಿ, ಸಾಫ್ಟ್‌ವೇರ್ ಜಾತಿ. ಕೊನೆಗೆ ದಾರಿ ತೋರಿಸಿದ್ದು ಪಕ್ಕದ ಮನೆ ಕಾಕೂ. ಅವರಿಂದ ಗೊತ್ತಾಗಿದ್ದು ಇಷ್ಟು: ಬೆಲೆ ಇರೋ ವಸ್ತುವನ್ನ ಹುಡುಕಿಕೊಂಡು ಜನ ನಮ್ಮ ಬಾಗಿಲಿಗೇ ಬರ್ತಾರೆ. ಬೆಲೆ ಇಲ್ಲದ್ದನ್ನ ಹೊತ್ತುಕೊಂಡು ನಾವೇ ಹೋಗಬೇಕು.

ಪೇಪರ್, ರಟ್ಟು ರದ್ದಿ ಅಂಗಡಿಗೆ. ಕಬ್ಬಿಣ, ತಾಮ್ರ, ಬಾಟಲಿ, ಗಟ್ಟಿ ಪ್ಲಾಸ್ಟಿಕ್ ಭಂಗಾರ್‌ವಾಲಾಗೆ. ಹಳೇ ಬಟ್ಟೆಗೆ ಬೋಹಾರಿಣ್ ಬರ್ತಾರೆ, ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡೋ ಹೆಂಗಸರು. ನಮ್ಮೂರಲ್ಲೂ ಅಮ್ಮ ಹಳೇ ಸೀರೆ ಕೊಟ್ಟು ಪಾತ್ರೆಗೆ ಚೌಕಾಸಿ ಮಾಡ್ತಿದ್ದದ್ದು ನೆನಪಿದೆಯಲ್ಲ, ಅದೇ ವ್ಯಾಪಾರ. ನಾನು ನಾಲ್ಕು ಪ್ಯಾಂಟ್, ಒಂದು ಜಾಕೆಟ್ ಕೊಟ್ಟು ಒಂದು ಸಣ್ಣ ಡಬ್ಬಿ ತಗೊಂಡೆ. ಮೋಸ ಹೋದೆ ಅಂತ ಹೆಂಡತಿ ನಕ್ಕಳು. ಮಾವಶಿ ಆ ಬಟ್ಟೆ ಒಗೆದು, ಹರಿದಿದ್ದನ್ನ ಹೊಲಿದು, ಹಳೇ ಬಟ್ಟೆ ಬಜಾರಲ್ಲಿ ಮಾರಬೇಕು. ಲೆಕ್ಕ ಹಾಕಿದ್ರೆ ನನಗೇನೂ ಮೋಸ ಆಗಿಲ್ಲ.

ಇನ್ನು ಬೆಲೆ ಇಲ್ಲದ್ದು. ಚಿಪ್ಸ್ ಪ್ಯಾಕೆಟ್ಟನ್ನ ಭಂಗಾರ್‌ವಾಲಾ ಮುಟ್ಟಲ್ಲ. ಅದರಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪದರಗಳು, ನಡುವೆ ಅಲ್ಯೂಮಿನಿಯಂ ಲೇಪ, ಎಲ್ಲ ಅಂಟಿಕೊಂಡಿರುತ್ತೆ. ಬಿಡಿಸೋ ಖರ್ಚು ಹುಟ್ಟಲ್ಲ, ತೂಕವೂ ಬರಲ್ಲ. ಇಂಥದ್ದಕ್ಕೆ ಡೊಂಬಿವಲಿಯಲ್ಲಿ ಊರ್ಜಾ ಫೌಂಡೇಶನ್ ಅನ್ನೋ ಸಂಸ್ಥೆ ಇದೆ. ಮನೆಮನೆಯ ಪ್ಲಾಸ್ಟಿಕ್ ಒಟ್ಟುಮಾಡಿ ಪುಣೆ ಕಡೆಯ ರುದ್ರ ಎನ್ವಿರಾನ್ಮೆಂಟಲ್ ಸೊಲ್ಯೂಷನ್ಸ್‌ಗೆ ಕಳಿಸ್ತಾರೆ. ಅಲ್ಲಿ ಗಾಳಿ ಇಲ್ಲದ ಪಾತ್ರೆಯಲ್ಲಿ ಪ್ಲಾಸ್ಟಿಕ್ ಕಾಯಿಸಿ ಎಣ್ಣೆ ತೆಗೀತಾರೆ, ಪೈರಾಲಿಸಿಸ್ ಅಂತಾರಲ್ಲ, ಅದು. ಆ ಎಣ್ಣೆ ಕೊನೆಗೆ ಎಲ್ಲೋ ಉರಿಯೋದೇ, ಹಾಗಾಗಿ ನಾನಿದನ್ನ ಮರುಬಳಕೆ ಅನ್ನಲ್ಲ. ಆದ್ರೂ ಕಸದ ಗುಡ್ಡದಲ್ಲಿ ಬಯಲಲ್ಲಿ ಸುಡೋದಕ್ಕಿಂತ ಎಷ್ಟೋ ವಾಸಿ. ಒಂದು ಮಾತು: ತೊಳೆದು ಒಣಗಿಸಿ ಕೊಡಿ. ಜುಲೈ ಮಳೆಯಲ್ಲಿ ಹಾಲಿನ ಕವರ್ ಒಣಗಿಸೋದು ಒಂದು ತಪಸ್ಸು, ನಮ್ಮ ಅಡುಗೆಮನೆ ಟೈಲ್ಸ್ ಮೇಲೆ ಅಂಟಿಸಿರ್ತೀವಿ.

ಎಲೆಕ್ಟ್ರಾನಿಕ್ ಸಾಮಾನಿನ ವಿಷಯದಲ್ಲಿ ಮಾತ್ರ ನಾನು ಹಠ ಹಿಡೀತೀನಿ. ಹಳೇ ಚಾರ್ಜರ್, ಲ್ಯಾಪ್‌ಟಾಪ್ ಭಂಗಾರ್‌ವಾಲಾಗೆ ಕೊಡಬೇಡಿ. ಅದು ಕೈ ಬದಲಾಗ್ತಾ ಕೊನೆಗೆ ಯಾರೋ ತಾಮ್ರಕ್ಕಾಗಿ ವೈರ್ ಸುಡ್ತಾರೆ, ಆ ಹೊಗೆ ಕುಡಿಯೋದೂ ಅವರೇ. ನಿಮ್ಮ ಆಫೀಸಿನ ಅಡ್ಮಿನ್ ವಿಭಾಗದಲ್ಲಿ ಕೇಳಿ. ಕಂಪನಿಯ ಹಳೇ ಮಷೀನ್‌ಗಳು ನೋಂದಾಯಿತ ರೀಸೈಕ್ಲರ್‌ಗೆ ಹೋಗ್ಬೇಕು ಅಂತ ನಿಯಮ ಇದೆ, ಉದ್ಯೋಗಿಗಳ ಸಾಮಾನನ್ನೂ ಜೊತೆಗೆ ತಗೊಳ್ತಾರಾ ವಿಚಾರಿಸಿ. ಉಬ್ಬಿದ ಬ್ಯಾಟರಿ ಇದ್ರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡ್ಬೇಡಿ. ಕೊಡೋ ಮುಂಚೆ ಡೇಟಾ ಅಳಿಸಿ, ಇದನ್ನ ನಿಮಗೆ ನಾನು ಹೇಳಬೇಕಾ!

ಪುಸ್ತಕಗಳಿದ್ರೆ ರದ್ದಿಗೆ ಹಾಕೋ ಮುಂಚೆ ತಡೀರಿ. ಇಲ್ಲಿ 1986ರಿಂದ ಪೈ ಫ್ರೆಂಡ್ಸ್ ಲೈಬ್ರರಿ ಇದೆ, ಪುಂಡಲೀಕ ಪೈ ಅವರದು. 2017ರಿಂದ ಅವರು ‘ಪುಸ್ತಕ ಆದಾನ್ ಪ್ರದಾನ್’ ಅಂತ ಮೇಳ ನಡೆಸ್ತಾ ಬಂದಿದ್ದಾರೆ. ನೀವು ಓದಿದ ಪುಸ್ತಕ ಕೊಟ್ಟು ಬೇರೆಯವರು ಓದಿದ್ದನ್ನ ಮನೆಗೆ ತರಬಹುದು. ಮಕ್ಕಳ ಕನ್ನಡ ಪುಸ್ತಕ ಇದ್ರೆ ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಲ್ಲಿ ಒಮ್ಮೆ ಕೇಳಿ ನೋಡಿ. ಈ ಊರಲ್ಲಿ ಕನ್ನಡ ಪುಸ್ತಕ ರದ್ದಿಗೆ ಬಿದ್ರೆ ಹೊಟ್ಟೆ ಉರಿಯುತ್ತೆ.

ಗೊಬ್ಬರದ ಮಡಕೆ ಬಗ್ಗೆ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ. ನಮ್ಮದು ಈ ಮಳೆಗಾಲದಲ್ಲಿ ನೀರು ಹೆಚ್ಚಾಗಿ ನಾತ ಹೊಡೀತು, ಒಣ ಎಲೆ ಸಾಲದೆ ಬಂದಿತ್ತು. ಕಾಕೂ ಹುಳಿ ಮಜ್ಜಿಗೆ ಚಿಮುಕಿಸಿ, ತೆಂಗಿನ ನಾರಿನ ಪುಡಿ ಹಾಕು ಅಂದಿದ್ದಾರೆ. ಹಾಕಿ ನಾಲ್ಕು ದಿನ ಆಯ್ತು, ನೋಡೋಣ.