ಗೋಧಿಯಿಲ್ಲದ ಸಿಹಿಯೂಟ

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಮಿತವಾಗಿ ಉಣ್ಣಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ಅರ್ಥ ಹೇಳಿ ಮುಂದಿನ ಗಾದೆಗೆ ಹೋಗುತ್ತಿದ್ದೆ. ಆ ಗಾದೆಗೆ ಇನ್ನೂ ಒಂದು ಅರ್ಥವುಂಟೆಂದು ನನಗೆ ಕಲಿಸಿದವಳು ನನ್ನ ತಂಗಿಯ ಮಗಳು.

ಕೆಲವು ವರ್ಷಗಳ ಹಿಂದಿನ ಮಾತು. ಹೋಳಿ ಹುಣ್ಣಿಮೆಗೆ ತಂಗಿ ಮಗಳೊಡನೆ ನಮ್ಮ ಮನೆಗೆ ಬಂದಿದ್ದಳು. ಎಲ್ಲರ ತಾಟಿನಲ್ಲಿ ಹೋಳಿಗೆ, ಅದರ ಮೇಲೆ ತುಪ್ಪ. ಆ ಹುಡುಗಿಯ ತಾಟಿನಲ್ಲಿ ಮಾತ್ರ ಅನ್ನ, ಸಾರು ಮತ್ತು ಒಂದು ಬಾಳೆಹಣ್ಣು. ಡಾಕ್ಟರರು ಗೋಧಿ ಬಿಡಿಸಿದ್ದಾರೆಂದು ತಂಗಿ ಹೇಳಿದ್ದಳು. ನನಗೆ ಅದು ಅತಿಯೆನಿಸಿತು. "ಹಬ್ಬದ ದಿನ ಕೂಸಿಗೆ ಬಾಳೆಹಣ್ಣೇನು? ಒಂದ್ ತುಣುಕು ತಿಂದ್ರ ಏನೂ ಆಗೂದಿಲ್ಲ" ಎಂದು ಅರ್ಧ ಹೋಳಿಗೆ ಮುರಿದು ಅವಳ ತಾಟಿಗೆ ಹಾಕಿದೆ. ಸೋದರಮಾವ, ಅದರ ಮೇಲೆ ಮಾಸ್ತರ. ಒಲ್ಲೆನೆನ್ನಲು ಆ ಮಗುವಿಗೆ ಬಾಯಿ ಬರಲಿಲ್ಲ, ತಿಂದಳು. ರಾತ್ರಿಯಾಗುವುದರೊಳಗೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾದವು. ಸುಧಾರಿಸಿಕೊಳ್ಳಲು ನಾಲ್ಕಾರು ದಿನ ಬೇಕಾಯಿತು. ಹಾಸಿಗೆಯಲ್ಲಿ ಮಲಗಿದ್ದವಳೇ ನನಗೆ ಸಮಾಧಾನ ಹೇಳಿದಳು: "ಮಾಮಾ, ನಿಮಗ ಗೊತ್ತಿರಲಿಲ್ಲಲ್ಲ." ಗೊತ್ತು ಮಾಡಿಕೊಳ್ಳಬೇಕಾಗಿತ್ತು ಎಂಬುದೇ ನನ್ನ ನಾಚಿಕೆ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದೆ ಇಡುತ್ತಿದ್ದೇನೆ.

ಗೋಧಿಯೊಳಗಿನ ಅಂಟು

ಮಕ್ಕಳೇ, ಮೊದಲು ಒಂದು ಸಣ್ಣ ಪ್ರಯೋಗ ಮಾಡಿರಿ. ಒಂದು ಹಿಡಿ ಗೋಧಿಹಿಟ್ಟನ್ನು ನೀರು ಹಾಕಿ ಚೆನ್ನಾಗಿ ನಾದಿ ಅರ್ಧ ತಾಸು ಬಿಡಿ. ಬಳಿಕ ಆ ಕಣಕದ ಉಂಡೆಯನ್ನು ಬೋಗುಣಿಯ ನೀರಿನಲ್ಲಿ ಹಿಡಿದು ಮೆಲ್ಲಗೆ ಹಿಚುಕುತ್ತ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಹಿಟ್ಟಿನೊಳಗಿನ ಪಿಷ್ಟ. ನೀರು ಬದಲಿಸುತ್ತ ತೊಳೆದರೆ ಕೊನೆಗೆ ಕೈಯಲ್ಲಿ ರಬ್ಬರಿನಂತೆ ಹಿಗ್ಗುವ ಒಂದು ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದಕ್ಕೆ 'ಅಂಟು' ಎಂದೇ ಅರ್ಥ. ಇದು ಗೋಧಿಯಲ್ಲಿರುವ ಪ್ರೋಟೀನು. ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿಯೂ ಇದೇ ಜಾತಿಯ ಪ್ರೋಟೀನುಗಳಿವೆ.

ಇನ್ನು ಜೋಳದ ಹಿಟ್ಟನ್ನು ಹಾಗೆಯೇ ತೊಳೆದು ನೋಡಿರಿ. ಎಲ್ಲ ನೀರುಪಾಲಾಗುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೋಳಿಗೆಯ ಕಣಕ ಕಾಗದದಷ್ಟು ತೆಳ್ಳಗೆ ಹಿಗ್ಗುವುದು ಈ ಅಂಟಿನ ಬಲದಿಂದ. ಜೋಳದ ಹಿಟ್ಟಿಗೆ ಆ ಬಲವಿಲ್ಲ. ಆದ್ದರಿಂದಲೇ ನಮ್ಮ ತಾಯಂದಿರು ಕುದಿಯುವ ಎಸರು ಹಾಕಿ ಹಿಟ್ಟು ನಾದಿ, ಅಂಗೈಯಿಂದ ತಟ್ಟಿ ರೊಟ್ಟಿ ಮಾಡುತ್ತಾರೆ. ಬಿಸಿ ನೀರಿನಲ್ಲಿ ಪಿಷ್ಟ ಅರೆಬೆಂದು ತಾನೇ ಅಂಟಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಸಿಹಿ ಮಾಡುವಾಗ ಬೇಕಾಗುತ್ತದೆ.

ಏನಿದು ಕಾಯಿಲೆ?

ನನ್ನ ಸೊಸೆಗೆ ಇರುವುದು 'ಸೀಲಿಯಾಕ್' ಎಂಬ ಕಾಯಿಲೆ. ನಮ್ಮ ಸಣ್ಣ ಕರುಳಿನ ಒಳಮೈ ಮಖಮಲ್ಲಿನ ಬಟ್ಟೆಯಂತಿದೆ. ಅಲ್ಲಿರುವ ಅಸಂಖ್ಯ ಸೂಕ್ಷ್ಮ ಎಳೆಗಳೇ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಕೊಡುತ್ತವೆ. ಈ ಕಾಯಿಲೆಯುಳ್ಳವರು ಗ್ಲುಟೆನ್ ತಿಂದರೆ, ಶರೀರವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಆ ಎಳೆಗಳನ್ನು ಕೆಡಿಸುತ್ತದೆ. ಮಖಮಲ್ಲು ಸವೆದು ಬರಿ ಬಟ್ಟೆಯಾದಂತಾಗುತ್ತದೆ. ಆಗ ಮಗು ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಪದೇ ಪದೇ ಭೇದಿ, ಉಬ್ಬಿದ ಹೊಟ್ಟೆ, ಸಣ್ಣ ಕೈಕಾಲು, ರಕ್ತಹೀನತೆ, ಕುಂಠಿತವಾದ ಬೆಳವಣಿಗೆ ಇವು ಅದರ ಲಕ್ಷಣಗಳು. ಕೆಲವರಲ್ಲಿ ಹೊರಗೆ ಏನೂ ತೋರದೆ ಒಳಗೇ ಹಾನಿ ನಡೆದಿರುವುದುಂಟು. ತುಣುಕು ತಿಂದು ವಾಂತಿಯಾಗಲಿಲ್ಲವೆಂದ ಮಾತ್ರಕ್ಕೆ ಅದು ಒಗ್ಗಿತೆಂದಲ್ಲ.

ಇದು ಅಂಟುರೋಗವಲ್ಲ. ಒಂದೇ ತಾಟಿನಲ್ಲಿ ಉಂಡರೆ ಮತ್ತೊಬ್ಬರಿಗೆ ಬರುವುದಿಲ್ಲ. ವಂಶದಲ್ಲಿ ಬರುವ ಒಲವು ಇದಕ್ಕೆ ಕಾರಣವಾದ್ದರಿಂದ ರೋಗಿಯ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಒಳ್ಳೆಯದು. ಜಗತ್ತಿನಲ್ಲಿ ಸುಮಾರು ನೂರು ಜನರಲ್ಲಿ ಒಬ್ಬರಿಗೆ ಇದು ಇದೆಯೆಂದು ಲೆಕ್ಕ. ಗೋಧಿಯುಣ್ಣುವ ಉತ್ತರ ಭಾರತದಲ್ಲಿಯೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಅನ್ನವುಣ್ಣುವ ದಕ್ಷಿಣದಲ್ಲಿ ಬಹಳ ಕಡಿಮೆ. ಆದ್ದರಿಂದಲೇ ನಮ್ಮ ಕಡೆ ಇದರ ಹೆಸರು ಕೇಳಿದವರು ವಿರಳ.

ಗೋಧಿಯೇ ಕಾರಣವೆಂದು ತಿಳಿದದ್ದು ಒಂದು ಬರಗಾಲದಿಂದ. ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲೆಮ್ ಕರೆಲ್ ಡಿಕೆ ಎಂಬವರಿಗೆ ಈ ಸಂಶಯ ಮಹಾಯುದ್ಧಕ್ಕೆ ಮೊದಲೇ ಬಂದಿತ್ತು. ೧೯೪೪-೪೫ರ ಚಳಿಗಾಲದಲ್ಲಿ ಆ ದೇಶಕ್ಕೆ ಆಹಾರ ಬರುವುದು ನಿಂತು, ಜನ ಟ್ಯುಲಿಪ್ ಹೂವಿನ ಗಡ್ಡೆಗಳನ್ನು ತಿಂದು ಬದುಕಿದರು. ಎಲ್ಲ ಮಕ್ಕಳೂ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು! ಮತ್ತೆ ಬ್ರೆಡ್ಡು ಬಂದಾಗ ಅವರ ರೋಗವೂ ಮರಳಿ ಬಂದಿತು. ಡಿಕೆಯವರು ೧೯೫೦ರಲ್ಲಿ ತಮ್ಮ ಪ್ರಬಂಧದಲ್ಲಿ ಇದನ್ನು ಪ್ರತಿಪಾದಿಸಿದರು. ಇಂದಿಗೂ ಇದಕ್ಕೆ ಆಹಾರಪಥ್ಯವೇ ಮುಖ್ಯ ಚಿಕಿತ್ಸೆ. ಜೀವನಪರ್ಯಂತ ಗ್ಲುಟೆನ್ ಬಿಟ್ಟರೆ ಕರುಳು ಮತ್ತೆ ಸರಿಹೋಗುತ್ತದೆ, ಮಗು ಎಲ್ಲರಂತೆ ಬೆಳೆಯುತ್ತದೆ.

ಪಾಲಕರಲ್ಲಿ ಒಂದು ವಿನಂತಿ. ಹೊಟ್ಟೆ ಕೆಟ್ಟಿತೆಂದು ನೀವಾಗಿಯೇ ಗೋಧಿ ಬಿಡಿಸಬೇಡಿ. ಮೊದಲು ರಕ್ತಪರೀಕ್ಷೆ, ಅಗತ್ಯವಿದ್ದರೆ ಕರುಳಿನ ಪರೀಕ್ಷೆ ಆಗಬೇಕು. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ರೋಗ ಇದ್ದರೂ ಕಾಣಿಸದೆ ಹೋಗಬಹುದು. ರೋಗವಿಲ್ಲದವರಿಗೆ ಗೋಧಿ ಒಳ್ಳೆಯ ಆಹಾರವೇ.

ಯಾವುದು ಬೇಡ, ಯಾವುದು ಬೇಕು?

ಗೋಧಿ ವೇಷ ಮರೆಸಿಕೊಂಡು ಬರುತ್ತದೆ. ರವೆ, ಮೈದಾ, ಶಾವಿಗೆ ಇವು ಗೋಧಿಯವೇ. ಆದ್ದರಿಂದ ಶಿರಾ, ರವೆ ಉಂಡೆ, ಜಿಲೇಬಿ, ಗುಲಾಬ್ ಜಾಮೂನು, ಕರ್ಚಿಕಾಯಿ, ಬಿಸ್ಕೀಟು, ಕೇಕು ಸಲ್ಲವು. ಖಪಲಿ ಗೋಧಿ ಹಗುರವೆಂದು ನಮ್ಮಲ್ಲಿ ಹೇಳುತ್ತಾರೆ. ಆದರೆ ಅದೂ ಗೋಧಿಯೇ, ಈ ಮಕ್ಕಳಿಗೆ ಬೇಡ. ಮಾಲ್ಟ್ ಹಾಕಿದ ಪೇಯಗಳಲ್ಲಿ ಬಾರ್ಲಿ ಇರುತ್ತದೆ. ಅಂಗಡಿಯ ಇಂಗಿನಲ್ಲಿಯೂ ಹಲವು ಸಲ ಗೋಧಿಹಿಟ್ಟು ಬೆರೆತಿರುತ್ತದೆ! ಪೊಟ್ಟಣದ ಮೇಲಿನ ಬರಹ ಓದುವ ಕೆಲಸವನ್ನು ಶಾಲೆ ಕಲಿತ ಮಕ್ಕಳಿಗೇ ಒಪ್ಪಿಸಬೇಕು. ನಮ್ಮ ದೇಶದ ನಿಯಮದಂತೆ, ಒಂದು ಕಿಲೋದಲ್ಲಿ ಗ್ಲುಟೆನ್ ೨೦ ಮಿಲಿಗ್ರಾಂ ಮೀರದ ಪದಾರ್ಥವನ್ನು ಮಾತ್ರ 'ಗ್ಲುಟೆನ್ ರಹಿತ' ಎಂದು ಮಾರಬಹುದು. ಒಂದು ತುಣುಕು ಎಷ್ಟು ದೊಡ್ಡದೆಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು ಬೇಕಾದುವುಗಳ ಪಟ್ಟಿ ನೋಡಿರಿ: ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ, ಮೆಕ್ಕೆಜೋಳ, ಕಡಲೆಬೇಳೆ, ಹೆಸರು, ಶೇಂಗಾ, ಎಳ್ಳು, ಬೆಲ್ಲ, ಕೊಬ್ಬರಿ, ತುಪ್ಪ. ಇವೆಲ್ಲ ನಮ್ಮ ಹೊಲದವು, ನಮ್ಮ ಸಂತೆಯವು. ಸೋಲಾಪುರ, ಅಕ್ಕಲಕೋಟೆಯ ಈ ಸೀಮೆ ಜೋಳದ ಸೀಮೆ. ನಮ್ಮ ಅಜ್ಜಿಯರ ಕಾಲದಲ್ಲಿ ಗೋಧಿ ಹಬ್ಬಕ್ಕೊಮ್ಮೆ ಬರುವ ಬೀಗರಂತೆ ಇತ್ತು. ಮನೆಯ ಮಗ ಜೋಳವೇ. ನಾಗರ ಪಂಚಮಿಯ ಶೇಂಗಾ ಉಂಡೆ, ಎಳ್ಳುಂಡೆ, ಪುಟಾಣಿ ಉಂಡೆ, ಜೋಳದ ಅಳ್ಳು, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇವುಗಳಿಗೆ ಗೋಧಿ ಬೇಕೇ? ಪಂಢರಪುರದ ವಾರಿಗೆ ಹೋಗುವವರ ಮನೆಗಳಲ್ಲಿ ಏಕಾದಶಿಯ ದಿನ ರಾಜಗಿರಿ ಉಂಡೆ, ಸಾಬೂದಾಣಿ ಖೀರು, ಶೇಂಗಾ ಚಿಕ್ಕಿ ಇರುತ್ತವೆ. ಎಲ್ಲರಿಗೂ ಉಪವಾಸವಾದ ಆ ದಿನ ನನ್ನ ಸೊಸೆಗೆ ಮಾತ್ರ ಹಬ್ಬ! ಅಂದು ಎಲ್ಲರೂ ತಿನ್ನುವುದನ್ನೇ ಅವಳೂ ತಿನ್ನುತ್ತಾಳೆ.

ಮೂರು ಸಿಹಿಗಳು

ತಂಗಿಯ ಮನೆಯಲ್ಲಿ ಮಾಡುವ ಮೂರನ್ನು ಇಲ್ಲಿ ಹೇಳುತ್ತೇನೆ.

ಹೂರಣದ ಕಡುಬು: ಹೋಳಿಗೆಯ ಸವಿಯಿರುವುದು ಹೂರಣದಲ್ಲಿ; ಹೂರಣವೆಂದರೆ ಕಡಲೆಬೇಳೆ ಮತ್ತು ಬೆಲ್ಲ, ಅದರಲ್ಲಿ ಗೋಧಿಯಿಲ್ಲ. ಹೊರಗಿನ ಅಂಗಿಯನ್ನಷ್ಟೇ ಬದಲಿಸಬೇಕು. ಒಂದು ಬಟ್ಟಲು ನೀರಿಗೆ ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುದಿಸಿ, ಒಂದು ಬಟ್ಟಲು ನುಣ್ಣನೆಯ ಅಕ್ಕಿಹಿಟ್ಟು ಸುರಿದು ಸಣ್ಣ ಉರಿಯಲ್ಲಿ ಎರಡು ನಿಮಿಷ ಮುಚ್ಚಿಡಬೇಕು. ಬಿಸಿಯಿರುವಾಗಲೇ ಒದ್ದೆ ಕೈಯಿಂದ ನಾದಬೇಕು. ರೊಟ್ಟಿಯ ಎಸರು ಮಾಡುವ ಕೆಲಸವನ್ನೇ ಇಲ್ಲಿಯೂ ಕುದಿಯುವ ನೀರು ಮಾಡುತ್ತದೆ. ಹಿಟ್ಟನ್ನು ಬಟ್ಟಲಿನಂತೆ ತಟ್ಟಿ, ಹೂರಣ ತುಂಬಿ, ಬಾಯಿ ಮುಚ್ಚಿ, ಹತ್ತು ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿದರೆ ಸಾಕು. ಕೊಂಕಣದ ಕಡೆ ಗಣಪತಿಗೆ ಮಾಡುವ ಮೋದಕವೂ ಇದೇ ರೀತಿಯದು.

ನವಣೆ ಹುಗ್ಗಿ: ಗೋಧಿ ಹುಗ್ಗಿಯ ಬದಲಿಗೆ ಇದು. ಒಂದು ಬಟ್ಟಲು ನವಣೆ ಅಕ್ಕಿ, ಕಾಲು ಬಟ್ಟಲು ಹೆಸರುಬೇಳೆ ತೊಳೆದು ಐದು ಬಟ್ಟಲು ನೀರಿನಲ್ಲಿ ಮೆತ್ತಗೆ ಬೇಯಿಸಬೇಕು. ಒಂದೂಕಾಲು ಬಟ್ಟಲು ಬೆಲ್ಲ ಹಾಕಿ ಕುದಿಸಿ, ಏಲಕ್ಕಿ, ಗಸಗಸೆ, ಒಣಕೊಬ್ಬರಿ, ತುಪ್ಪ ಸೇರಿಸಬೇಕು. ಹಾಲು ಬೇಕಾದರೆ ಹುಗ್ಗಿ ಆರಿದ ಮೇಲೆ ಹಾಕಿರಿ. ಬಿಸಿಯಲ್ಲಿ ಬೆಲ್ಲಕ್ಕೆ ಹಾಲು ಒಡೆಯುತ್ತದೆ.

ಶೇಂಗಾ ಉಂಡೆ: ಹುರಿದು ಸಿಪ್ಪೆ ತೆಗೆದ ಶೇಂಗಾ ಎರಡು ಪಾಲು, ಬೆಲ್ಲ ಒಂದು ಪಾಲು. ಎಣ್ಣೆ ಬಿಡುವಂತೆ ಕುಟ್ಟಿ ಕಟ್ಟುವುದು, ಅಷ್ಟೇ.

ರೋಗ ಈಗತಾನೆ ತಿಳಿದ ಮಗುವಿಗೆ ಕೆಲವು ಕಾಲ ಹಾಲೂ ಜೀರ್ಣವಾಗದಿರಬಹುದು. ಹಾಲಿನ ಸಿಹಿಗಳಿಗೆ ವೈದ್ಯರನ್ನು ಕೇಳಿಕೊಳ್ಳಿರಿ. ಗೋಧಿಯಿಲ್ಲವೆಂದು ಸಿಹಿಯನ್ನು ಮಿತಿಮೀರಿ ತಿನ್ನುವುದೂ ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು ಶುದ್ಧಿ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಜೋಳ ಬೀಸಿದರೆ ಅದರಲ್ಲಿ ಗೋಧಿಹಿಟ್ಟು ಬೆರೆತೇ ಬೆರೆಯುತ್ತದೆ. ತಂಗಿ ಇದಕ್ಕಾಗಿ ಹೊಸ ಬೀಸುಕಲ್ಲು ತಂದು, ಅದಕ್ಕೆ ಗೋಧಿ ಮುಟ್ಟಿಸುವುದಿಲ್ಲ. ಲಟ್ಟಣಿಗೆ, ಮಣೆ, ಜರಡಿ ಬೇರೆ ಇರಬೇಕು. ಪೂರಿ ಕರಿದ ಎಣ್ಣೆಯಲ್ಲಿ ಆ ಮಗುವಿನದನ್ನು ಕರಿಯಬಾರದು.

ಒಂದೇ ಪಂಕ್ತಿ

ಹೋದ ವರ್ಷದ ಹೋಳಿ ಹುಣ್ಣಿಮೆಗೆ ಆ ಹುಡುಗಿ ಮತ್ತೆ ನಮ್ಮ ಮನೆಗೆ ಬಂದಿದ್ದಳು. ನನ್ನ ಮನೆಯವರು ಹೋಳಿಗೆಯನ್ನೇ ಮಾಡಲಿಲ್ಲ. ಒಂದೇ ಪಾತ್ರೆಯಿಂದ ಎಲ್ಲರಿಗೂ ಅಕ್ಕಿಯ ಕಡುಬು ಬಡಿಸಿದರು. "ಇದರೊಳಗ ಏನೇನು ಹಾಕ್ಯಾರ?" ಎಂದು ಅವಳು ರೂಢಿಯಂತೆ ಕೇಳಿದಳು. ಈ ಸಲ ನಾನು ಒಂದೊಂದಾಗಿ ಎಣಿಸಿ ಹೇಳಿದೆ. ಆಮೇಲೆ ನಕ್ಕು ನಾಲ್ಕು ಕಡುಬು ತಿಂದಳು. ಆ ಹೊತ್ತಿಗೆ ನನಗೆ ಗಾದೆಯ ಅರ್ಥವಾಯಿತು. ಊಟ ಬಲ್ಲವನೆಂದರೆ ತನ್ನ ಊಟವನ್ನಷ್ಟೇ ಅಲ್ಲ, ಪಕ್ಕದಲ್ಲಿ ಕುಳಿತವರ ಊಟವನ್ನೂ ಬಲ್ಲವನು.

ವಿದ್ಯಾರ್ಥಿಗಳೇ, ನಿಮ್ಮ ಗೆಳೆಯನೊಬ್ಬ "ನನಗೆ ಇದು ಬೇಡ" ಎಂದರೆ ಗೇಲಿ ಮಾಡಬೇಡಿ, ಒತ್ತಾಯ ಮಾಡಬೇಡಿ. ಏಕೆಂದು ಕೇಳಿ ತಿಳಿದುಕೊಳ್ಳಿ. ಪಾಲಕರೇ, ಹುಟ್ಟುಹಬ್ಬಕ್ಕೆ ಮಕ್ಕಳ ಕೈಯಲ್ಲಿ ಶಾಲೆಗೆ ಸಿಹಿ ಕಳಿಸುವಾಗ, ಆಗಸ್ಟ್ ೧೫ಕ್ಕೆ, ಸ್ನೇಹ ಸಮ್ಮೇಳನಕ್ಕೆ ತಿನಿಸು ಆರಿಸುವಾಗ, ಮನೆಯಲ್ಲಿ ಶುಚಿಯಾಗಿ ಮಾಡಿದ ಶೇಂಗಾ ಉಂಡೆಯನ್ನೂ ನೆನೆಯಿರಿ. ಶೇಂಗಾ ಒಗ್ಗದ ಮಗುವಿದ್ದರೆ ಎಳ್ಳುಂಡೆ ಇದೆ, ರಾಜಗಿರಿ ಉಂಡೆ ಇದೆ. ಕೇಳಿ ಕೊಡುವುದಷ್ಟೇ ಮುಖ್ಯ. ಸಿಹಿ ಹಂಚುವ ದಿನ ಒಂದು ಮಗುವೂ ಬರಿಗೈಯಲ್ಲಿ ಕೂಡದಿರಲಿ.