ಅಪ್ರೆಂಟಿಸ್ ಹುಡುಗನ ಒಂದು ವರ್ಷ

2022ರಲ್ಲಿ ಪುಣೆಯ ನಮ್ಮ ಆಫೀಸಿಗೆ ಗದಗ ಕಡೆಯ ಹುಡುಗನೊಬ್ಬ ಬಂದ. ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ ಸೇರಿದ್ದ. ತಿಂಗಳಿಗೆ 9,000 ರೂಪಾಯಿ ಸ್ಟೈಪೆಂಡ್. 2019ರ ನಿಯಮದಂತೆ ಪದವೀಧರರಿಗೆ ಆಗ ಅದೇ ಕನಿಷ್ಠವಾಗಿತ್ತು. ಪಿಜಿ ಬಾಡಿಗೆ, ಊಟಕ್ಕೇ ಅದು ಮುಗಿಯುತ್ತಿತ್ತು. ಉಳಿದದ್ದಕ್ಕೆ ಊರಿನಿಂದ ಅಪ್ಪ ಕಳಿಸಬೇಕು.

ಮೊದಲೆರಡು ತಿಂಗಳು ಹುಡುಗನದು ಮಾತೇ ಇಲ್ಲ. ಚಿಕ್ಕದೊಂದು ಬಗ್ ಹಿಡಿದು ನಾಲ್ಕು ದಿನ ಒದ್ದಾಡಿದ. ಯಾಕಪ್ಪಾ ಕೇಳಲಿಲ್ಲ ಎಂದರೆ, "ಕೇಳಿದ್ರ ದಡ್ಡ ಅಂತೀರೇನೋ ಅಂತ ಸುಮ್ಮನಿದ್ದೆ ರೀ ಸರ" ಎಂದ. ಅಂದೇ ಕರಾರು ಮಾಡಿಕೊಂಡೆವು: ಅರ್ಧ ಗಂಟೆ ತಾನೇ ಹುಡುಕಬೇಕು, ಆಗದಿದ್ದರೆ ಕೇಳಲೇಬೇಕು. ವರ್ಷದ ಕೊನೆಗೆ ಕ್ಲೈಂಟ್ ಜೊತೆ ಅವನೇ ಮಾತಾಡುತ್ತಿದ್ದ.

ಆದರೂ ಕೆಲಸ ಕಾಯಂ ಆಗಲಿಲ್ಲ. ತರಬೇತಿ ಕೊಟ್ಟವರು ಕೆಲಸವನ್ನೂ ಕೊಡಲೇಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆ ಹೇಳುವುದಿಲ್ಲ. ಇದನ್ನು ಮೊದಲ ದಿನವೇ ಅವನಿಗೆ ನಾನು ತಿಳಿಸಬೇಕಿತ್ತು. ತಿಳಿಸಲಿಲ್ಲ.

ಮೂರು ತಿಂಗಳು ಅಲೆದು, ಆ ವರ್ಷದ ಅನುಭವದ ಮೇಲೆಯೇ ಬೇರೆ ಕಡೆ ಸೇರಿದ. ನಿಮ್ಮ ಪರಿಚಯದ ಮಕ್ಕಳು ಅಪ್ರೆಂಟಿಸ್ ಆಗಿ ಹೊರಟರೆ ಎರಡು ಮಾತು ಹೇಳಿ: ಒಪ್ಪಂದ ಓದಿಯೇ ಸಹಿ ಹಾಕಲಿ, ಎಂಟನೇ ತಿಂಗಳಿಂದಲೇ ಮುಂದಿನ ಕೆಲಸ ಹುಡುಕಲಿ.